ಕಲ್ಲೊಡೆದು ಮಣ್ಣು ಮಾಡಿದವರ ನಾಡಿನಲ್ಲಿ ಒಂಬತ್ತು ದಿನ

ನಮ್ಮ ಮನೆಯಲ್ಲಿ ದ್ರಾಕ್ಷಿ ಬೆಳೆಯಲು ಆರಂಭಿಸಿ ಮೂವತ್ತು ವರ್ಷ ದಾಟಿದೆ. ವಿಜಯಪುರ ಜಿಲ್ಲೆಯ ತಿಕೋಟಾ ಬಳಿಯ ನಾಲ್ಕು ಎಕರೆ ದ್ರಾಕ್ಷಿ ಪಡದಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಒಂದೇ ಬೆಳೆ ತೆಗೆದು, ಅದರ ಬಹುಪಾಲನ್ನು ಒಣದ್ರಾಕ್ಷಿ ಮಾಡಿ ಮಾರುವ ನಮಗೆ ವೈನ್ ಎಂಬುದು ಬೇರೆಯವರ ವ್ಯವಹಾರವಾಗಿಯೇ ಇತ್ತು. ಮಗಳು ಓದಿಗೆಂದು ಪೋರ್ಚುಗಲ್ಲಿನ ಪೋರ್ಟೊ ನಗರಕ್ಕೆ ಹೋಗಿ ಎರಡು ವರ್ಷವಾದ ಮೇಲೆ, “ಅಪ್ಪಾ, ಸುಗ್ಗಿ ಹೊತ್ತಿಗೆ ಬರ್ರಿ, ನಿಮಗ ತೋರಿಸೋದು ಬಾಳ ಐತಿ” ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಅಕ್ಟೋಬರ್ ಚಾಟ್ನಿಗೆ ಊರಿನಲ್ಲಿರಲೇಬೇಕಾದ್ದರಿಂದ ಸೆಪ್ಟೆಂಬರ್ ತಿಂಗಳ ಕೊನೆಯ ಒಂಬತ್ತು ದಿನಗಳನ್ನು ಆರಿಸಿಕೊಂಡು ನಾನೂ ನನ್ನ ಹೆಂಡತಿಯೂ ಹೊರಟೆವು.

ಮೊದಲ ದಿನ: ಪೋರ್ಟೊ, ನದಿಯಾಚೆಯ ಗಾಯಾ

ಪೋರ್ಟೊ ನಗರ ದೋರು ನದಿಯ ಉತ್ತರ ದಂಡೆಯಲ್ಲಿದೆ. ಪೋರ್ಟ್ ಎಂಬ ಸಿಹಿ ವೈನ್ ಹಣ್ಣಾಗುವ ಉಗ್ರಾಣಗಳಿರುವುದು ದಕ್ಷಿಣ ದಂಡೆಯ ವಿಲಾ ನೋವಾ ದೆ ಗಾಯಾದಲ್ಲಿ. ನಡುವೆ 1886ರಲ್ಲಿ ಸಂಚಾರಕ್ಕೆ ತೆರೆದ, ಎರಡು ಅಂತಸ್ತಿನ ಕಬ್ಬಿಣದ ಸೇತುವೆಯಿದೆ. ಮೇಲಿನ ಅಂತಸ್ತಿನ ಮೇಲೆ ಸಂಜೆ ನಾಲ್ಕರ ಬಿಸಿಲಿನಲ್ಲಿ ನಡೆದು ಹೋದರೆ ಆಚೆ ದಂಡೆಯ ಹೆಂಚಿನ ಮಾಡುಗಳು ಒಂದರ ಪಕ್ಕ ಒಂದು ಇಳಿಜಾರಿನುದ್ದಕ್ಕೂ ಕಾಣುತ್ತವೆ. ಅವೆಲ್ಲ ಮನೆಗಳಲ್ಲ, ಉಗ್ರಾಣಗಳು ಎಂದು ಮಗಳು ಹೇಳುವವರೆಗೆ ನನಗೆ ತಿಳಿದಿರಲಿಲ್ಲ.

ಬೆಳೆಯುವುದು ನೂರು ಕಿಲೋಮೀಟರ್ ಒಳನಾಡಿನಲ್ಲಿ, ಇಡುವುದು ಇಲ್ಲಿ ಏಕೆ ಎಂಬ ನನ್ನ ಮೊದಲ ಪ್ರಶ್ನೆಗೆ ಉಗ್ರಾಣದೊಳಗೆ ಕಾಲಿಟ್ಟ ಕೂಡಲೇ ಮೈಗೇ ಉತ್ತರ ಸಿಕ್ಕಿತು. ಸಾಗರದ ಕಡೆಯಿಂದ ಬರುವ ತೇವದ ತಂಪು ಆ ಕತ್ತಲೆಯಲ್ಲಿ ಇಡೀ ವರ್ಷ ನಿಂತಿರುತ್ತದೆ. ಒಳನಾಡಿನ ಕಡುಬಿಸಿಲಿನಲ್ಲಿ ಮರದೊಳಗಿನ ವೈನ್ ಬೇಗ ಬಾಡುತ್ತದೆ. ಹೊರದೇಶಕ್ಕೆ ಹೋಗುವ ಪೋರ್ಟ್ ಗಾಯಾದ ಮೂಲಕವೇ ಹೋಗಬೇಕೆಂಬ ಕಟ್ಟಳೆ 1986ರವರೆಗೆ ಇತ್ತಂತೆ.

ನಮಗೆ ವಿವರ ಹೇಳುತ್ತಿದ್ದ ಹೆಣ್ಣುಮಗಳು ಸಾಲಾಗಿ ಮಲಗಿಸಿದ್ದ ಮರದ ಪಾತ್ರೆಗಳತ್ತ ಕೈತೋರಿ ‘ಪೀಪ’ ಎಂದಾಗ ನಾನು ತಿರುಗಿ ನಿಂತೆ. ಕೇಳಿದ್ದು ಸರಿಯೇ ಎಂದು ಮಗಳಿಂದ ಮತ್ತೆ ಕೇಳಿಸಿದೆ. ಅದೇ ಪದ. ದೋರು ಕಣಿವೆಯ ಲೆಕ್ಕದಲ್ಲಿ ಒಂದು ಪೀಪ ಎಂದರೆ 550 ಲೀಟರ್. ನಮ್ಮ ಅಪ್ಪ ಪಡದ ಅಂಚಿನಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಇಟ್ಟುಕೊಂಡಿದ್ದ ಪೀಪಾಯಿ ಈ ನದಿದಂಡೆಯಿಂದ ಹಡಗು ಹತ್ತಿ ಬಂದ ಮಾತು. ಚಾವಿ, ಬಾಲ್ದಿ, ಅಲಮಾರು, ಪಗಾರ, ಮೇಸ್ತ್ರಿ ಇವೂ ಅಲ್ಲಿಂದಲೇ ಬಂದವೆಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಪದವೊಂದನ್ನು ಅದರ ತವರುಮನೆಯಲ್ಲಿ, ಅದೇ ವಸ್ತುವಿನ ಪಕ್ಕ ನಿಂತು ಕೇಳುವುದು ಬೇರೆಯೇ ಅನುಭವ.

ರುಚಿ ನೋಡಲು ಮೂರು ಸಣ್ಣ ಲೋಟಗಳನ್ನು ಕೊಟ್ಟರು. ಇಪ್ಪತ್ತು ವರ್ಷದ ಟಾನಿ ಎಂಬ ಬಗೆಯ ಪೋರ್ಟನ್ನು ಮೂಗಿನ ಹತ್ತಿರ ಹಿಡಿದಾಗ ನನಗೆ ನೆನಪಾದದ್ದು ಮಾರ್ಚ್ ತಿಂಗಳಲ್ಲಿ ನಮ್ಮ ಒಣದ್ರಾಕ್ಷಿ ಶೆಡ್ಡಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಗಾಳಿ. ಇಂಥ ಭೇಟಿಗೆ ಮಧ್ಯಾಹ್ನದ ಗುಂಪುಗಳಿಗಿಂತ ಬೆಳಗಿನ ಮೊದಲ ಸರದಿ ಒಳ್ಳೆಯದು. ಜನ ಕಡಿಮೆ ಇರುವುದರಿಂದ ವಿವರಿಸುವವರು ಪ್ರಶ್ನೆಗಳಿಗೆ ನಿಂತು ಉತ್ತರ ಕೊಡುತ್ತಾರೆ. ನಾವು ಸಂಜೆ ಹೋಗಿ ನನ್ನ ಅರ್ಧ ಪ್ರಶ್ನೆಗಳು ಹಾಗೆಯೇ ಉಳಿದವು.

ಎರಡನೆಯ ಮತ್ತು ಮೂರನೆಯ ದಿನ: ಮಿನ್ಯೊ, ಮಳೆಯ ದ್ರಾಕ್ಷಿ

ಬಾಡಿಗೆ ಕಾರಿನಲ್ಲಿ ಉತ್ತರಕ್ಕೆ ಹೊರಟ ಅರ್ಧ ಗಂಟೆಯಲ್ಲೇ ಮಳೆ ಹಿಡಿಯಿತು. ಮಿನ್ಯೊ ಎಂದರೆ ಅಟ್ಲಾಂಟಿಕ್ ಸಾಗರದ ಮೋಡಗಳು ಮೊದಲು ಬಂದು ಇಳಿಯುವ ನಾಡು. ಮಲೆನಾಡನ್ನು ಕಂಡವರಿಗೆ ಆ ಹಸಿರು ಹೊಸದಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಹಣ್ಣು ಸೀಳಿ ರೋಗ ಹತ್ತುತ್ತದೆಂದು ನಿದ್ದೆಗೆಡುವ ನನಗೆ, ಇಂಥ ಊರಿನಲ್ಲಿ ದ್ರಾಕ್ಷಿ ಬೆಳೆಯುವ ಧೈರ್ಯವಾದರೂ ಹೇಗೆ ಬಂತು ಎನಿಸಿತು. ಉತ್ತರ ಹೊಲಗಳ ಅಂಚಿನಲ್ಲೇ ಇತ್ತು. ಹಳೆಯ ತೋಟಗಳಲ್ಲಿ ಬಳ್ಳಿಗಳನ್ನು ಎತ್ತರದ ಕಲ್ಲುಕಂಬಗಳ ಮೇಲಿನ ಚಪ್ಪರಕ್ಕೆ ಹಬ್ಬಿಸಿದ್ದರು. ಕೆಳಗೆ ಗೋವಿನಜೋಳ, ಆಲೂಗಡ್ಡೆ, ಎಲೆಕೋಸಿನ ಜಾತಿಯ ಸೊಪ್ಪು; ಮೇಲೆ ದ್ರಾಕ್ಷಿ. ಹಿಡುವಳಿ ಸಣ್ಣದು, ಅನ್ನಕ್ಕೆ ಬೇಕಾದ ನೆಲವನ್ನು ಬಿಟ್ಟುಕೊಡದೆ ಬಳ್ಳಿಯನ್ನು ಅಂಚಿಗೂ ಆಕಾಶಕ್ಕೂ ಕಳಿಸಿದ್ದಾರೆ. ಎತ್ತರದಲ್ಲಿ ಗಾಳಿಯಾಡುವುದರಿಂದ ಬೂಷ್ಟೂ ಕಡಿಮೆ. ಹೊಸ ತೋಟಗಳು ತಂತಿಯ ಸಾಲುಗಳಿಗೆ ಬದಲಾಗಿವೆ. ಚಪ್ಪರದ ಅಡಿಯಲ್ಲೇ ಬೆಳೆದ ನನಗೆ ಆ ಹಳೆಯವನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಕಲ್ಲುಕಂಬಗಳ ನೆತ್ತಿಯಲ್ಲಿ, ಮನೆಗಳ ಬಿಳಿ ಗೋಡೆಗಳ ಮೇಲೆ ಅಲ್ಲಲ್ಲಿ ನವಿಲು ಬಣ್ಣದ ಕಲೆಗಳಿದ್ದವು. ಕೈಯಿಂದ ಉಜ್ಜಿ ನೋಡಿದೆ, ಮೈಲುತುತ್ತವೇ. ನನ್ನ ಹೆಂಡತಿ ಅದನ್ನು ಕಂಡು, “ನಮ್ಮ ಬಾವಿ ಕಟ್ಟಿ ಮ್ಯಾಲೂ ಹಿಂಗ ಐತಲ್ರಿ” ಎಂದಳು.

ಪೊಂತೆ ದೆ ಲೀಮಾ ಊರಿನ ಹೊರಗೆ, ಎರಡೂ ಬದಿಗೆ ಕಲ್ಲುಗೋಡೆಯಿದ್ದ ಓಣಿಯೊಂದರಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದು, ಹಿಂದೆ ಸರಿಯುವಾಗ ನಮ್ಮ ಕಾರಿನ ಎಡಗನ್ನಡಿ ಗೋಡೆಗೆ ತಾಗಿ ಒಡೆಯಿತು. ಈ ಭಾಗದಲ್ಲಿ ಕಾರು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ನಕಾಶೆ ತೋರಿಸುವ ಹತ್ತಿರದ ದಾರಿಗಿಂತ ದೊಡ್ಡ ರಸ್ತೆಯೇ ಲೇಸು. ಟ್ರ್ಯಾಕ್ಟರಿನ ಮುದುಕ ಇಳಿದು ಬಂದು ಗಾಜಿನ ಚೂರುಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿ, ನಮ್ಮನ್ನು ಪಕ್ಕದ ತಮ್ಮ ಮನೆಗೆ ಕರೆದ. ಅಂಗಳದ ಚಪ್ಪರದಿಂದ ಆತ ಕಿತ್ತುಕೊಟ್ಟ ಕಪ್ಪು ಗೊಂಚಲನ್ನು ಮೂಸಿದ ಕೂಡಲೇ ನಾನು ಬೆಂಗಳೂರಿನಲ್ಲಿದ್ದೆ. ದಪ್ಪ ಸಿಪ್ಪೆ, ಬಾಯಲ್ಲಿಟ್ಟರೆ ಜಾರಿ ಹೊರಬರುವ ತಿರುಳು, ತಳ್ಳುಗಾಡಿಯಿಂದ ಹತ್ತು ಮಾರು ದೂರಕ್ಕೂ ಬರುವ ಆ ಪರಿಮಳ: ನಮ್ಮ ಬೆಂಗಳೂರು ಬ್ಲೂ. ಇಲ್ಲಿ ಅದಕ್ಕೆ ‘ಅಮೆರಿಕದ ದ್ರಾಕ್ಷಿ’ ಎಂಬ ಹೆಸರು. ಇದರ ವೈನನ್ನು ಯುರೋಪಿನ ಒಕ್ಕೂಟದಲ್ಲಿ ಮಾರುವಂತಿಲ್ಲ, ಮನೆಮಂದಿಗಷ್ಟೇ ಮಾಡಿಕೊಳ್ಳುತ್ತಾರೆ. ಈ ಅಮೆರಿಕದ ಬಳ್ಳಿಗಳ ಜೊತೆಯಲ್ಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಯುರೋಪಿಗೆ ಬಂದು ತೋಟಗಳನ್ನೆಲ್ಲ ಒಣಗಿಸಿತು. ಕೊನೆಗೆ ಅಮೆರಿಕದ ಬೇರಿನ ಮೇಲೆಯೇ ತಮ್ಮ ತಳಿಗಳನ್ನು ಕಸಿ ಕಟ್ಟಿ ರೈತರು ಉಳಿದುಕೊಂಡರು. ನಾವು ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುವುದು ಉಪ್ಪುನೀರಿಗೆ ಹೆದರಿ. ಇವರು ಕಟ್ಟಿದ್ದು ಆ ಹೇನಿಗೆ ಹೆದರಿ. ಆದರೆ ಅಮೆರಿಕದ ಬೇರು, ಊರಿನ ತಲೆ ಎಂಬ ಏರ್ಪಾಡು ಒಂದೇ.

ಊಟಕ್ಕೆ ಕಾಲ್ದು ವೆರ್ದೆ ಎಂಬ ಸೊಪ್ಪು, ಆಲೂಗಡ್ಡೆಯ ಸಾರು ಮತ್ತು ಗೋವಿನಜೋಳದ ಗಟ್ಟಿ ರೊಟ್ಟಿ ಸಿಕ್ಕಿತು. ಸಾರಿನೊಳಗೆ ಹಂದಿಮಾಂಸದ ಒಂದು ಬಿಲ್ಲೆ ಹಾಕುವುದು ಪದ್ಧತಿ. ನಮ್ಮಂಥ ಸಸ್ಯಾಹಾರಿಗಳು ‘ಸೆಂ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂದು ಮೊದಲೇ ಹೇಳಬೇಕು, ಸಾರು ಕುದಿಸುವಾಗಲೂ ಹಾಕಿಲ್ಲವೇ ಎಂದು ಕೇಳಬೇಕು. ಕೇಳದೆಯೇ ಮೇಜಿನ ಮೇಲೆ ತಂದಿಡುವ ರೊಟ್ಟಿ, ಆಲಿವ್ ಕಾಯಿಗಳಿಗೂ ಬಿಲ್ಲಿನಲ್ಲಿ ಹಣ ಸೇರುತ್ತದೆ. ಬೇಡವಾದರೆ ಮುಟ್ಟದೆ ಹಿಂದಿರುಗಿಸಬಹುದು.

ಮರುದಿನ ಸ್ಪೇನ್ ಗಡಿಯ ಮೊನ್ಸಾಂವ್ ಊರಿನಲ್ಲಿ ಮಳೆ ನಿಂತಿತ್ತು. ಸುತ್ತಲ ಗುಡ್ಡಗಳು ಸಾಗರದ ಗಾಳಿಯನ್ನು ತಡೆಯುವುದರಿಂದ ಇಲ್ಲಿಯೂ ಪಕ್ಕದ ಮೆಲ್ಗಾಸೊದಲ್ಲಿಯೂ ಅಲ್ವರಿನ್ಯೊ ಎಂಬ ಬಿಳಿ ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ. ನದಿಯಾಚೆ ಸ್ಪೇನಿನವರೂ ಅದನ್ನೇ ತುಸು ಬೇರೆ ಉಚ್ಚಾರದಲ್ಲಿ ಬೆಳೆಯುತ್ತಾರೆ. ಈ ಇಡೀ ಸೀಮೆಯ ವೈನಿಗೆ ವಿನ್ಯೊ ವೆರ್ದೆ, ಹಸಿರು ವೈನ್, ಎಂಬ ಹೆಸರಿದ್ದರೂ ಅದು ಬಣ್ಣದ ಮಾತಲ್ಲ. ನಾವು ಹಸಿ ಕಡಲೆ ಎನ್ನುವಾಗಿನ ಎಳೆತನ ಅದರಲ್ಲಿದೆ.

ನಾಲ್ಕನೆಯ ದಿನ: ರೈಲಿನಲ್ಲಿ ಪಿನ್ಯಾಂವ್‌ಗೆ

ಪೋರ್ಟೊದ ಸಾಂವ್ ಬೆಂತೊ ನಿಲ್ದಾಣದ ಗೋಡೆಗಳನ್ನು ನೀಲಿ ಚಿತ್ರದ ಸುಮಾರು 20,000 ಹೆಂಚುಬಿಲ್ಲೆಗಳು ಮುಚ್ಚಿವೆ. ರೈಲಿನ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗುವುದು ಅದಕ್ಕಾಗಿಯೇ. ದೋರು ಕಣಿವೆಯ ರೈಲಿನಲ್ಲಿ ಬಲಬದಿಯ ಕಿಟಕಿ ಹಿಡಿಯಬೇಕು. ಮೊದಲ ಒಂದು ಗಂಟೆ ಏನೂ ಕಾಣದಿದ್ದರೂ ಆಮೇಲೆ ಹಳಿ ನದಿಯ ಅಂಚಿಗೇ ಇಳಿದು, ಪಿನ್ಯಾಂವ್ ಬರುವವರೆಗೆ ನೀರು ಕೈಗೆಟಕುವಷ್ಟು ಹತ್ತಿರ ಜೊತೆ ಬರುತ್ತದೆ.

ಮಿನ್ಯೊದ ಮಳೆ ಇಲ್ಲಿಗೆ ತಲುಪುವುದಿಲ್ಲ. ಮರಾಂವ್ ಬೆಟ್ಟಸಾಲು ಅದನ್ನು ಆಚೆಯೇ ತಡೆಯುತ್ತದೆ. ಡಬ್ಬಿಯಲ್ಲಿ ತಂಪುಗಾಳಿಯ ಯಂತ್ರ ಕೆಟ್ಟು ಎಲ್ಲರೂ ಬೆವರುತ್ತಿದ್ದೆವು. ಎದುರಿಗೆ ಕುಳಿತಿದ್ದ, ಮೊಮ್ಮಗಳನ್ನು ನೋಡಲು ಹೊರಟಿದ್ದ ಅಜ್ಜಿಯೊಬ್ಬರು ಬೀಸಣಿಗೆಯನ್ನು ನನ್ನ ಹೆಂಡತಿಗೆ ಕೊಟ್ಟು, ನಮ್ಮಲ್ಲಿ ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದರು. ಅವರ ಭಾಷೆಯಲ್ಲಿ ಚಳಿಗಾಲಕ್ಕೆ ‘ಇನ್ವೆರ್ನೊ’, ನರಕಕ್ಕೆ ‘ಇನ್ಫೆರ್ನೊ’. ಆ ಪ್ರಾಸದಿಂದಲೇ ಹುಟ್ಟಿದ ಗಾದೆ ಅದು.

ಪಿನ್ಯಾಂವ್ ಸಣ್ಣ ಊರು. ಅದರ ನಿಲ್ದಾಣದ ಗೋಡೆಯ ಮೇಲೆ 24 ಹೆಂಚುಚಿತ್ರಗಳಲ್ಲಿ ಸುಗ್ಗಿಯ ಎಲ್ಲ ಹಂತಗಳಿವೆ: ಬುಟ್ಟಿ ಹೊತ್ತ ಗಂಡಸರು, ಗೊಂಚಲು ಕತ್ತರಿಸುವ ಹೆಂಗಸರು, ಪೀಪಾಯಿ ಹೇರಿಕೊಂಡ ಚಪ್ಪಟೆ ತಳದ ರಬೇಲೊ ದೋಣಿಗಳು. ಸಂಜೆ ದೋಣಿಯಲ್ಲಿ ಒಂದು ಗಂಟೆ ಸುತ್ತಿದೆವು. ಈಗ ಅಣೆಕಟ್ಟುಗಳಿಂದಾಗಿ ನದಿ ಕೆರೆಯಂತೆ ನಿಂತಿದೆ. ಮೊದಲು ಬಂಡೆಗಳ ನಡುವಿನ ಸೆಳವಿನಲ್ಲಿ ವೈನ್ ತುಂಬಿದ ದೋಣಿಗಳು ಪೋರ್ಟೊ ತಲುಪುವುದೇ ಸಾಹಸವಾಗಿತ್ತು. ಈ ನದಿಯ ನಕಾಶೆಯನ್ನು ಬರೆದ ಇಂಗ್ಲಿಷ್ ವ್ಯಾಪಾರಿ ಫಾರೆಸ್ಟರ್ 1861ರಲ್ಲಿ ವಲೇರಾ ಎಂಬ ಸೆಳವಿನಲ್ಲಿ ಮುಳುಗಿ ತೀರಿಕೊಂಡ. ಅದೇ ದೋಣಿಯಲ್ಲಿದ್ದ, ವಿಧವೆಯಾದ ಮೇಲೆ ದೋರುವಿನ ಅತಿ ದೊಡ್ಡ ತೋಟಗಳನ್ನು ಕಟ್ಟಿದ ದೋನಾ ಅಂತೋನಿಯಾ ಫೆರೇರಾ ತಮ್ಮ ಅಗಲವಾದ ಲಂಗ ನೀರಿನ ಮೇಲೆ ತೇಲಿಸಿದ್ದರಿಂದ ಬದುಕಿದರೆಂದು ದೋಣಿಯವನು ಹೇಳಿದ. ಅವರನ್ನು ಇಲ್ಲಿಯವರು ಇಂದಿಗೂ ಮನೆಮಗಳನ್ನು ಕರೆಯುವಂತೆ ಫೆರೆರಿನ್ಯಾ ಎಂದೇ ಕರೆಯುತ್ತಾರೆ.

ಐದನೆಯ ದಿನ: ಗೋಡೆಗಳು

ಈ ಪ್ರವಾಸದಲ್ಲಿ ನನಗೆ ಒಂದೇ ದಿನವನ್ನು ಮತ್ತೆ ಕೊಡುತ್ತೇವೆ ಎಂದರೆ ಈ ದಿನವನ್ನೇ ಕೇಳುತ್ತೇನೆ. ಬೆಳಗ್ಗೆ ಏಳಕ್ಕೆ, ಬಿಸಿಲು ಏರುವ ಮುಂಚೆ, ಕಸಾಲ್ ದೆ ಲೊಯ್ವುಶ್ ಎಂಬ ಎತ್ತರದ ಹಳ್ಳಿಗೆ ಹೋಗಿ ಅಲ್ಲಿಂದ ತೋಟಗಳ ನಡುವೆ ಇಳಿಯತೊಡಗಿದೆವು. ಮೇಲಿನಿಂದ ನೋಡಿದರೆ ಗುಡ್ಡಕ್ಕೆ ಗುಡ್ಡವೇ ಮೆಟ್ಟಿಲಾಗಿದೆ. ಕೆಳಗಿಳಿದ ಮೇಲೆ ಗೊತ್ತಾಯಿತು, ಕಾಲ ಕೆಳಗಿರುವುದನ್ನು ನಾವು ಮಣ್ಣು ಎನ್ನುವುದಿಲ್ಲ. ಅದು ಶಿಸ್ಟ್ ಎಂಬ ಕಲ್ಲು. ಹಾಳೆಹಾಳೆಯಾಗಿ ಸೀಳುತ್ತದೆ, ಕೈಯಲ್ಲಿ ಹಿಡಿದು ಒತ್ತಿದರೆ ಅಂಚು ಕುಯ್ಯುತ್ತದೆ. ನನ್ನ ಹೆಬ್ಬೆರಳಿನ ಗಾಯ ಊರಿಗೆ ಬಂದ ಮೇಲೆ ಮಾಯಿತು. ಗಟ್ಟಿ ಅಟ್ಟೆಯ ಬೂಟು, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇಲ್ಲದೆ ಈ ಇಳಿಜಾರಿಗೆ ಬರಬಾರದು.

ಅರ್ಧ ದಾರಿಯಲ್ಲಿ ಗೋಡೆಯೊಂದನ್ನು ಸರಿಪಡಿಸುತ್ತಿದ್ದ, ಎಪ್ಪತ್ತರ ಆಸುಪಾಸಿನ ರೈತರೊಬ್ಬರು ಸಿಕ್ಕರು. ನಾನೂ ದ್ರಾಕ್ಷಿಯವನೆಂದು ಮಗಳು ಹೇಳಿದ್ದೇ ತಡ, ಸುತ್ತಿಗೆ ಕೆಳಗಿಟ್ಟು ಕೈ ಚಾಚಿ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ ಎರಡು ಗಂಟೆ ನಮ್ಮ ಜೊತೆಗಿದ್ದರು. ಈ ಗೋಡೆಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಹಾರೆ ಗುದ್ದಲಿಗಳಿಂದ, ಆಮೇಲಿನ ಕಾಲದಲ್ಲಿ ಸಿಡಿಮದ್ದಿನಿಂದ ಗುಡ್ಡವನ್ನೇ ಒಡೆದು, ದೊಡ್ಡ ಚೂರುಗಳನ್ನು ಗೋಡೆಯಾಗಿ ಜೋಡಿಸಿ, ಹಿಂದುಗಡೆ ಪುಡಿಯನ್ನು ತುಂಬಿ ಬಳ್ಳಿ ನಿಲ್ಲಲು ಜಾಗ ಮಾಡಿದ್ದಾರೆ. ಗೋಡೆ ಕಟ್ಟಲು ಸ್ಪೇನಿನ ಗಲೀಸಿಯಾದಿಂದ ಕೂಲಿಗಳು ಬರುತ್ತಿದ್ದರಂತೆ. ನಾವು ಹೊಲಕ್ಕೆ ಕೆರೆಮಣ್ಣು ಹೊಡೆಸಿದರೆ ಇವರು ಹೊಲವನ್ನೇ ಮಾಡಿಕೊಂಡಿದ್ದಾರೆ. ಶಿಸ್ಟಿನ ಹಾಳೆಗಳು ನೆಟ್ಟಗೆ ನಿಂತಿರುವುದರಿಂದ ಸೀಳುಗಳ ನಡುವೆ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಹಗಲಿನ ಬಿಸಿಯನ್ನು ಹಿಡಿದಿಟ್ಟ ಕಲ್ಲು ರಾತ್ರಿ ಗೊಂಚಲಿಗೆ ಅದನ್ನು ಹಿಂದಿರುಗಿಸುತ್ತದೆ. ಹನಿ ನೀರಾವರಿಯ ಕೊಳವೆಯಿಲ್ಲದೆ ಬಳ್ಳಿ ಬದುಕುವುದನ್ನು ನಾನು ಅಲ್ಲಿಯೇ ಕಂಡದ್ದು.

ಅವರ ತೋಟದ ಒಂದು ಮೂಲೆಯಲ್ಲಿ ಎಂಬತ್ತು ವರ್ಷದ ಬಳ್ಳಿಗಳಿದ್ದವು; ತಳಿಗಳನ್ನು ಬೇರೆಬೇರೆ ಸಾಲಿಗೆ ಹಾಕದೆ ಎಲ್ಲವನ್ನೂ ಬೆರೆಸಿ ನೆಡುವುದು ಹಿಂದಿನ ರೂಢಿ. ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾ, ತಿಂತಾ ರೊರಿಜ್, ತಿಂತಾ ಬರೋಕಾ ಎಂದು ಅವರು ಒಂದೊಂದು ಬಳ್ಳಿಯ ಎಲೆಯನ್ನೂ ಮಗುಚಿ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿ ಹೆಸರು ಹೇಳುತ್ತಾ ಹೋದರು. ತೂರಿಗಾ ನಾಸಿಯೊನಾಲ್ ಗೊಂಚಲು ನನ್ನ ಅಂಗೈಯಷ್ಟೇ ಇತ್ತು, ಕಾಳುಗಳು ಗುಲಗಂಜಿಗಿಂತ ತುಸು ದೊಡ್ಡವು. ಬಾಯಿಗೆ ಹಾಕಿದರೆ ಸಿಪ್ಪೆಯೇ ಹೆಚ್ಚು. ನಾಲಿಗೆ ಒಗರಾಗಿ, ತುಟಿ ನೇರಳೆ ತಿಂದಂತಾಯಿತು. ಗೊನೆ ಉದ್ದವಾಗಲಿ, ಕಾಳು ಉಬ್ಬಲಿ ಎಂದು ಔಷಧದಲ್ಲಿ ಅದ್ದುವ ನಮ್ಮ ದುಡಿಮೆಯ ಬಗ್ಗೆ ಹೇಳಿದಾಗ ಅವರು ಆಶ್ಚರ್ಯದಿಂದ ಕೇಳಿಸಿಕೊಂಡರು. ಅವರಿಗೆ ಬೇಕಾದದ್ದು ಸಣ್ಣ ಕಾಳು, ದಪ್ಪ ಸಿಪ್ಪೆ.

ಕೆಳಗಿನ ದಾರಿಯಲ್ಲಿ ಕಣಶಿಲೆಯ, ಅಂದರೆ ಗ್ರಾನೈಟಿನ, ಕಂಬವೊಂದನ್ನು ತೋರಿಸಿದರು. ಕಲಬೆರಕೆಯ ಹಾವಳಿ ಹೆಚ್ಚಿ ಪೋರ್ಟಿನ ಹೆಸರು ಕೆಟ್ಟಾಗ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ 1756ರಲ್ಲಿ ಈ ಸೀಮೆಗೆ ಎಲ್ಲೆ ಹಾಕಿದ. ಅದರ ಗುರುತಿಗೆ ನೆಟ್ಟ ಕಂಬಗಳು ಒಟ್ಟು 335. ಬಣ್ಣ ಬರಲೆಂದು ವೈನಿಗೆ ಬೆರೆಸುತ್ತಿದ್ದ ಎಲ್ಡರ್ ಹಣ್ಣಿನ ಗಿಡಗಳನ್ನು ಆತ ಬೇರುಸಹಿತ ಕೀಳಿಸಿದ. ಆಚೆ ಗುಡ್ಡದಲ್ಲಿ ಗೋಡೆಗಳಿದ್ದೂ ಬಳ್ಳಿಗಳಿಲ್ಲದ, ಪೊದೆ ಬೆಳೆದ ಮೆಟ್ಟಿಲುಗಳು ಕಂಡವು. ಫಿಲಾಕ್ಸೆರಾ ಹೇನಿನ ಕಾಲದಲ್ಲಿ ಬಿಟ್ಟುಹೋದವು ಮತ್ತೆ ಎದ್ದಿಲ್ಲ. ಅವುಗಳಿಗೆ ಇವರು ‘ಮೊರ್ತೋರಿಯು’ ಎನ್ನುತ್ತಾರೆ, ಸತ್ತವರ ಜಾಗ ಎಂಬಂಥ ಮಾತು.

ನಮ್ಮ ಮಾತು ಕೊನೆಗೆ ಬೆಲೆಗೆ ಬಂದು ನಿಂತಿತು. ಇಲ್ಲಿ ಪ್ರತಿ ತುಂಡು ತೋಟಕ್ಕೂ ಎತ್ತರ, ಇಳಿಜಾರು, ಕಲ್ಲು, ಬಳ್ಳಿಯ ವಯಸ್ಸು ಮುಂತಾದವುಗಳಿಗೆ ಅಂಕ ಕೊಟ್ಟು ಅಕ್ಷರದ ದರ್ಜೆ ಕಟ್ಟಿದ್ದಾರೆ. ಆ ದರ್ಜೆಯ ಪ್ರಕಾರ ಎಷ್ಟು ಹಣ್ಣಿನಿಂದ ಪೋರ್ಟ್ ಮಾಡಬಹುದೆಂದು ಪ್ರತಿವರ್ಷ ನಿಗದಿಯಾಗುತ್ತದೆ. ಆ ಪಾಲಿಗೆ ಒಳ್ಳೆಯ ಬೆಲೆ. ಉಳಿದದ್ದು ಸಾಧಾರಣ ವೈನಿಗೆ ಹೋಗಬೇಕು, ಅದರ ಬೆಲೆ ಕೊಯ್ಲಿನ ಕೂಲಿಗೂ ಸಾಲದು ಎಂದರು. ಅವರ ಇಬ್ಬರು ಮಕ್ಕಳೂ ಫ್ರಾನ್ಸಿನಲ್ಲಿದ್ದಾರೆ. ಈ ಕಣಿವೆ 2001ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ; ಅದನ್ನು ನೋಡಲು ದುಡ್ಡು ಕೊಟ್ಟು ಬರುವ ನಮ್ಮಂಥವರಿಂದ ಗೋಡೆ ಕಟ್ಟುವ ಕೈಗಳಿಗೆ ಏನೂ ತಲುಪುತ್ತಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಲ್ಲಿಗೆ ಹೋಗುವವರು ದೊಡ್ಡ ಹೆಸರಿನ ಮಳಿಗೆಗಳ ಜೊತೆಗೆ ಇಂಥ ಸಣ್ಣ ರೈತರು ತಾವೇ ತುಂಬಿಸಿದ ಬಾಟಲಿ, ಆಲಿವ್ ಎಣ್ಣೆಗಳನ್ನೂ ಹುಡುಕಿ ಕೊಳ್ಳಬೇಕು. ಅವರಿಂದ ನಾವು ಎರಡು ಲೀಟರ್ ಎಣ್ಣೆ ಕೊಂಡೆವು.

ಆರನೆಯ ದಿನ: ತುಳಿತ

ಹಗಲೆಲ್ಲ ಬಿಸಿಲಿಗೆ ಹೆದರಿ ಕೋಣೆಯಲ್ಲಿದ್ದು, ರಾತ್ರಿ ಎಂಟಕ್ಕೆ ನಾವು ಇಳಿದುಕೊಂಡಿದ್ದ ತೋಟದ ಮನೆಯ ಲಗಾರಿಗೆ ಹೋದೆವು. ಲಗಾರ್ ಎಂದರೆ ಮೊಣಕಾಲು ಮೀರುವ ಆಳದ, ಕಲ್ಲಿನ ಚೌಕ ತೊಟ್ಟಿ. ಹಗಲು ಕೊಯ್ದ ಹಣ್ಣು ಅದರ ತುಂಬ ಇತ್ತು. ಕಾಲು ತೊಳೆದುಕೊಂಡ ಇಪ್ಪತ್ತು ಮಂದಿ, ಗಂಡಸರು ಹೆಂಗಸರು, ಹೆಗಲಿಗೆ ಹೆಗಲು ಕೊಟ್ಟು ಎರಡು ಸಾಲಾಗಿ ಇಳಿದರು. ಮೇಸ್ತ್ರಿ ‘ಎಡ, ಬಲ’ ಎಂದು ಕೂಗಿದಂತೆ ಅಂಗುಲ ಅಂಗುಲವಾಗಿ ಮುಂದೆ ಸರಿಯುವುದು. ಅತಿಥಿಗಳೂ ಸೇರಬಹುದೆಂದರು, ಕಪ್ಪು ಚಡ್ಡಿ ಉಟ್ಟು ಹೋಗುವುದು ಜಾಣತನ, ಕಲೆ ಹೋಗುವುದಿಲ್ಲ.

ನನ್ನ ಹೆಂಡತಿ ತೊಟ್ಟಿಯ ಅಂಚಿನಲ್ಲೇ ನಿಂತಳು. ತಿನ್ನುವ ಪದಾರ್ಥಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಹುಟ್ಟಿದವಳು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ, ಬಲಗೈಯಿಂದ ಹಣ್ಣನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡು ಸೀರೆಯ ನಿರಿಗೆ ಎತ್ತಿ ಕಟ್ಟಿ ಇಳಿದಳು. ಮೇಸ್ತ್ರಿ ಕೂಗುವುದನ್ನು ನಿಲ್ಲಿಸಿ ತಲೆಯ ಟೋಪಿ ತೆಗೆದು ಎದೆಗಿಟ್ಟುಕೊಂಡ. ಯಾರೂ ಯಾರಿಗೂ ಏನನ್ನೂ ವಿವರಿಸಲಿಲ್ಲ.

ಮೊದಲು ಚಳಿಚಳಿ, ಆಮೇಲೆ ಕಾಲ ಬೆರಳುಗಳ ನಡುವೆ ಕಾಳು ಒಡೆದು ಜಾರುವ ಬೆಚ್ಚನೆಯ ಕೆಸರು. ಬತ್ತದ ಗದ್ದೆಯ ಹೂಳಿಗಿಂತ ಭಾರ. ಪಾದವಾದರೆ ಸಿಪ್ಪೆಯನ್ನು ಹಿಂಡುತ್ತದೆ, ಬೀಜವನ್ನು ಒಡೆಯುವುದಿಲ್ಲ, ಒಡೆದರೆ ಕಹಿ. ಎರಡು ಗಂಟೆಯ ಕವಾಯತಿನ ನಂತರ ‘ಬಿಡುಗಡೆ’ ಎಂದು ಕೂಗಿದಾಗ ಅಕಾರ್ಡಿಯನ್ ಶುರುವಾಗಿ ಎಲ್ಲರೂ ಕುಣಿಯತೊಡಗಿದರು. ಹೀಗೆ ತುಳಿದ ರಸ ಹುದುಗು ಬಂದು ಎರಡು ಮೂರು ದಿನಗಳಲ್ಲಿ ಸಕ್ಕರೆ ಅರ್ಧ ಕರಗುವ ಹೊತ್ತಿಗೆ 77% ಮದ್ಯಸಾರದ ದ್ರಾಕ್ಷಿಯ ಸ್ಪಿರಿಟ್ ಸುರಿದು ಹುದುಗನ್ನು ನಿಲ್ಲಿಸುತ್ತಾರೆ. ಒಂದು ಪೀಪಾಯಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಸ್ಪಿರಿಟ್. ಉಳಿದ ಸಕ್ಕರೆ ಹಾಗೆಯೇ ನಿಂತು ಪೋರ್ಟ್ ಸಿಹಿಯಾಗುವುದು ಇದರಿಂದಲೇ.

ಏಳನೆಯ ದಿನ: ದಾಂವ್

ಪೆಜು ದಾ ರೇಗ್ವಾದಿಂದ ಕಾರು ಹಿಡಿದು ದಕ್ಷಿಣಕ್ಕೆ, ವಿಸೇವು ನಗರಕ್ಕೆ ಬಂದೆವು. ದಾಂವ್ ಸೀಮೆಯಲ್ಲಿ ದ್ರಾಕ್ಷಿ ಕಣ್ಣಿಗೆ ಬೀಳುವುದು ಕಷ್ಟ. ಪೈನ್, ನೀಲಗಿರಿ ಮರಗಳ ನಡುವೆ ಅಲ್ಲಲ್ಲಿ ಬಯಲು ಮಾಡಿಕೊಂಡ ಸಣ್ಣ ತೋಟಗಳು. ನೆಲವೆಲ್ಲ ಕಣಶಿಲೆ, ಸುತ್ತ ಬೆಟ್ಟ. 2017ರ ಅಕ್ಟೋಬರ್ ಕಾಳ್ಗಿಚ್ಚಿನಲ್ಲಿ ಸುಟ್ಟ ಇಳಿಜಾರುಗಳನ್ನು ದಾರಿಯಲ್ಲಿ ಸಿಕ್ಕವರು ತೋರಿಸಿದರು. ತೂರಿಗಾ ನಾಸಿಯೊನಾಲ್ ತಳಿಯ ತವರು ದೋರುವಲ್ಲ, ತಮ್ಮ ಸೀಮೆಯೇ ಎಂಬ ಹೆಮ್ಮೆ ಇಲ್ಲಿಯವರದು.

ಇಲ್ಲಿ ನಮಗೆ ಸಿಕ್ಕ ದೊಡ್ಡ ಲಾಭ ಎಸ್ತ್ರೇಲಾ ಬೆಟ್ಟದ ಕುರಿಹಾಲಿನ ಚೀಸ್. ಯುರೋಪಿನ ಬಹಳಷ್ಟು ಚೀಸುಗಳನ್ನು ಕರುವಿನ ಹೊಟ್ಟೆಯ ರಸದಿಂದ ಹೆಪ್ಪು ಹಾಕುತ್ತಾರೆಂದು ನನ್ನ ಹೆಂಡತಿ ಒಂದನ್ನೂ ಮುಟ್ಟಿರಲಿಲ್ಲ. ಇದಕ್ಕೆ ಹೆಪ್ಪು ಮುಳ್ಳುಗಿಡವೊಂದರ ಒಣಗಿದ ನೇರಳೆ ಹೂವಿನಿಂದ. ಅಂಗಡಿಯವರು ಹೂವಿನ ಎಸಳುಗಳನ್ನೇ ಕೈಗೆ ಹಾಕಿ ತೋರಿಸಿದರು. ಮೇಲಿನ ಪದರವನ್ನು ಮುಚ್ಚಳದಂತೆ ಕುಯ್ದು, ಒಳಗಿನ ಗಿಣ್ಣಿನಂಥ ಮೆತ್ತನೆಯದನ್ನು ಚಮಚದಿಂದ ರೊಟ್ಟಿಗೆ ಸವರಿಕೊಂಡು ಅಂದಿನ ರಾತ್ರಿಯ ಊಟವನ್ನೇ ಮುಗಿಸಿದೆವು.

ಎಂಟನೆಯ ದಿನ: ಅಲೆಂತೇಜು

ನಾಲ್ಕು ಗಂಟೆಯ ಪಯಣದ ನಂತರ ನೆಲ ಚಪ್ಪಟೆಯಾಯಿತು. ಅಲೆಂತೇಜು ಸೀಮೆಯ ಎವೊರಾ ನಗರದ ಆಚೆ ಬಣ್ಣಗೆಟ್ಟ ಹುಲ್ಲಿನ ಬಯಲು, ದೂರದೂರಕ್ಕೆ ನಿಂತ ಮರಗಳು. ನಮ್ಮ ವಿಜಯಪುರದ ಕಡೆಯ ಬೇಸಿಗೆಯ ಬೆಳಕು. ಮರಗಳ ಕೆಳಗಿನ ಅರ್ಧ ತೊಗಟೆ ಸುಲಿದು ಕಾವಿ ಬಣ್ಣಕ್ಕೆ ತಿರುಗಿತ್ತು, ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ. ಇವೇ ಬಾಟಲಿಗೆ ಬಿರಡೆಯಾಗುವ ಕಾರ್ಕ್ ಓಕ್ ಮರಗಳು. ಅಂಕಿ ಸುಲಿದ ವರ್ಷದ ಕೊನೆಯ ಅಂಕಿ. ಮುಂದಿನ ಸುಲಿತ ಒಂಬತ್ತು ವರ್ಷದ ಮೇಲೆ. ಮೊದಲ ಸುಲಿತಕ್ಕೆ ಮರಕ್ಕೆ 25 ವರ್ಷವಾಗಬೇಕು, ಬಿರಡೆಗೆ ಯೋಗ್ಯವಾದ ತೊಗಟೆ ಬರುವುದು ಮೂರನೆಯ ಸುಲಿತಕ್ಕೆ. ನೆಟ್ಟವನು ಬಿರಡೆಯ ದುಡ್ಡನ್ನು ಎಣಿಸುವ ಹೊತ್ತಿಗೆ ಅವನ ಮಗನ ಕೂದಲು ಬೆಳ್ಳಗಾಗಿರುತ್ತದೆ.

ಸಂಜೆ ಹಳ್ಳಿಯೊಂದರ ಕಿರಾಣಿ ಅಂಗಡಿಯಲ್ಲಿ ಗೋಧಿಹಿಟ್ಟು ಹುಡುಕುತ್ತಿದ್ದ ಇಬ್ಬರು ಯುವಕರು ನಮ್ಮನ್ನು ಕಂಡು ಹಿಂದಿಯಲ್ಲಿ ನಮಸ್ಕರಿಸಿದರು. ಒಬ್ಬ ಪಂಜಾಬಿನ ಹೋಶಿಯಾರ್‌ಪುರದವ, ಇನ್ನೊಬ್ಬ ನೇಪಾಳದವ. ಬಿಸಿಲಿಗೆ ಮುಂಚೆ, ನಸುಕಿನ ಮೂರು ಗಂಟೆಗೇ ತಲೆಗೆ ದೀಪ ಕಟ್ಟಿಕೊಂಡು ದ್ರಾಕ್ಷಿ ಕೊಯ್ಯಲು ಹೋಗುತ್ತಾರೆ. ಆ ಅಲೆಂತೇಜು ವೈನಿನ ಬಾಟಲಿಗಳ ಮೇಲಿನ ಚಿತ್ರಗಳಲ್ಲಿ ಅವರನ್ನು ನಾನು ಎಲ್ಲಿಯೂ ಕಂಡಿಲ್ಲ. ನನ್ನ ಹೆಂಡತಿ ಚೀಲದಲ್ಲಿ ಉಳಿದಿದ್ದ ಶೇಂಗಾ ಹಿಂಡಿ, ನಾಲ್ಕು ಕಟಕ ರೊಟ್ಟಿ ತೆಗೆದು ಅವರ ಕೈಗಿಟ್ಟಳು.

ಒಂಬತ್ತನೆಯ ದಿನ: ವಿದಿಗೇರಾ, ಮಣ್ಣಿನ ಗಡಿಗೆಗಳು

ವಿದಿಗೇರಾ ಊರಿನ ಚೌಕದಲ್ಲಿ ವಾಸ್ಕೋ ಡ ಗಾಮನ ಪ್ರತಿಮೆಯಿದೆ. 1498ರಲ್ಲಿ ಕಾರವಾರದೆದುರಿನ ಅಂಜದೀವಿನಲ್ಲಿ ಹಡಗು ನಿಲ್ಲಿಸಿದವನು 1519ರಲ್ಲಿ ಈ ಊರಿನ ಒಡೆಯನಾದ. ಕೊಚ್ಚಿಯಲ್ಲಿ ಸತ್ತವನ ಅಸ್ಥಿಯನ್ನು ಇಲ್ಲಿಗೆ ತಂದರು, 1880ರವರೆಗೆ ಅದು ಇಲ್ಲಿಯೇ ಇತ್ತು. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪಕ್ಕದ ವಿಲಾ ದೆ ಫ್ರಾದೆಶ್ ಎಂಬ ಹಳ್ಳಿಯಲ್ಲಿ ರೋಮನ್ನರ ಕಾಲದ ಪದ್ಧತಿಯಂತೆ ಇಂದಿಗೂ ಮಣ್ಣಿನ ಗಡಿಗೆಯಲ್ಲಿ ವೈನ್ ಮಾಡುತ್ತಾರೆ.

ಓಣಿಯ ಸಾಧಾರಣ ಬಾಗಿಲೊಂದನ್ನು ತಳ್ಳಿದರೆ ಒಳಗೆ ಆಳೆತ್ತರದ ಗಡಿಗೆಗಳ ಎರಡು ಸಾಲು. ಇದಕ್ಕೆ ತಾಲ್ಯಾ ಎನ್ನುತ್ತಾರೆ. ಸಾವಿರ ಲೀಟರ್ ಹಿಡಿಯುವವೂ ಇವೆ. ಒಳಮೈಗೆ ಪೈನ್ ಮರದ ರಾಳದ ಲೇಪ. ಕೆಲವಕ್ಕೆ ಮಾಡಿದ ವರ್ಷವನ್ನು ಹಸಿಮಣ್ಣಿನಲ್ಲೇ ಒತ್ತಿದ್ದಾರೆ. ಒಂದರ ಬಿರುಕಿಗೆ ಕಬ್ಬಿಣದ ಕೊಂಡಿಗಳನ್ನು ಹೊಲಿಗೆಯಂತೆ ಹಾಕಿದ್ದರು. ಒಡೆದ ಹಣ್ಣನ್ನು ಸಿಪ್ಪೆಸಮೇತ ತುಂಬಿದ ಮೇಲೆ ಹುದುಗು ಸಿಪ್ಪೆಯನ್ನು ಮೇಲಕ್ಕೆ ತಳ್ಳುತ್ತದೆ. ದಿನಕ್ಕೆ ಎರಡು ಸಲವಾದರೂ ಮರದ ಕೋಲಿನಿಂದ ಕೆಳಕ್ಕೆ ಒತ್ತದಿದ್ದರೆ ಗಾಳಿ ಸಿಕ್ಕಿಕೊಂಡು ಗಡಿಗೆಯೇ ಸಿಡಿದೀತು. ಹುದುಗು ಮುಗಿದ ಮೇಲೆ ಸಿಪ್ಪೆ ತಾನಾಗಿ ತಳಕ್ಕೆ ಕೂತು ಸೋಸುವ ಜರಡಿಯಾಗುತ್ತದೆ, ಮೇಲೆ ಗಾಳಿಯಾಡದಂತೆ ಆಲಿವ್ ಎಣ್ಣೆಯ ಪದರ ಹೊಯ್ಯುತ್ತಾರೆ. ನವೆಂಬರ್ 11, ಸಂತ ಮಾರ್ಟಿನ್ ದಿನ, ಬುಡದ ತೂತಿನ ಬಿರಡೆ ತೆಗೆದು ಓಣಿಯವರೆಲ್ಲ ಕುಡಿಯುವುದು. ಈ ಹಬ್ಬಕ್ಕೆಂದೇ ಹೋಗುವವರು ಎವೊರಾದಲ್ಲಿ ಬಹಳ ಮೊದಲೇ ಕೋಣೆ ಹಿಡಿಯಬೇಕಂತೆ. ಇಷ್ಟು ದೊಡ್ಡ ಗಡಿಗೆ ಮಾಡುವ ಕುಂಬಾರರು ಈಗ ಬಹಳ ಅಪರೂಪ. ಇದ್ದವನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುತ್ತಾರೆ.

ಮನೆಯ ಯಜಮಾನರು ನನ್ನನ್ನು ಗಡಿಗೆಯೊಂದಕ್ಕೆ ಕಿವಿಗೊಡಲು ಹೇಳಿದರು. ಒಲೆಯ ಮೇಲಿನ ಅನ್ನ ಸಣ್ಣ ಉರಿಯಲ್ಲಿ ಕುದಿಯುವಾಗಿನ ಸದ್ದು, ಗೋಡೆಯಾಚೆಯಿಂದ ಬಂದಂತೆ. ಮಣ್ಣು ಬೆಚ್ಚಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಪಕ್ಕದ ಗಡಿಗೆಯ ಹತ್ತಿರ ಹೋಗಿ, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವಂತೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದಳು. ಒಳಗೆ ಏನೂ ಇಲ್ಲದ್ದರಿಂದ ಅದು ಗಂಟೆಯಂತೆ ನುಡಿಯಿತು. ಯಜಮಾನರು ತಿರುಗಿ ನೋಡಿ, “ನಮ್ಮ ತಾಯಿಯೂ ಹೀಗೆಯೇ ಬಡಿಯುತ್ತಿದ್ದರು” ಎಂದು ಮಗಳ ಮೂಲಕ ಹೇಳಿ, ಅವಳನ್ನು ಸಾಲಿನ ಕೊನೆಯವರೆಗೂ ಕರೆದುಕೊಂಡು ಹೋದರು. ಅವಳು ಒಂದೊಂದನ್ನೇ ಬಡಿದು ತುಂಬಿದ್ದು ಯಾವುದು, ಬರಿದು ಯಾವುದು, ಕೂದಲೆಳೆಯ ಬಿರುಕು ಯಾವುದರಲ್ಲಿದೆ ಎಂದು ಹೇಳುತ್ತಾ ಹೋದಳು. ಅವರು ಸೀಮೆಸುಣ್ಣ ಹಿಡಿದು ಅವಳ ಹಿಂದೆ ಹಿಂದೆ ಗುರುತು ಹಾಕುತ್ತಾ ಬಂದರು.